ಇಜ್ಜೋಡು ಯಾರೊಂದಿಗೆ?

"ಅಯ್ಯನೋರೆ, ಆ ಹುಡುಗನ ಸಂಗ ಬಿಡಸ್ರಿ. ಅವ ನಮ್ಮ ಮಂದಿ ಅಲ್ಲ."

ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ಕೌಲ್ ಬಜಾರಿನ ತಾಯಿಯೊಬ್ಬರು ಪಾಲಕನಾದ ನನ್ನನ್ನು ತಡೆದು ಹೀಗೆ ಕೇಳಿಕೊಂಡರು. ಮಗ ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಹೊಲಿಗೆ ಕೆಲಸದವನು. ಮನೆಗೆ ರೊಕ್ಕ ಕೊಡುವುದನ್ನು ನಿಲ್ಲಿಸಿದ್ದ. ನಮ್ಮ ಸಭೆಗೆ, ಅಂದರೆ ಚರ್ಚಿಗೆ, ಬಾರದ ಪಕ್ಕದ ಓಣಿಯ ಗೆಳೆಯನೇ ಕೆಡಿಸಿದನೆಂದು ತಾಯಿಯ ಅನುಮಾನ.

ಮೂರು ಸಲ ಕೂತು ಮಾತಾಡಿದ ಮೇಲೆ ಹುಡುಗ ಬಾಯಿಬಿಟ್ಟ. ಮೊಬೈಲಿನಲ್ಲಿ ಕ್ರಿಕೆಟ್ ಬೆಟ್ಟಿಂಗ್ ಕಲಿಸಿದವನು ನಮ್ಮದೇ ಯುವಕರ ಕೂಟದಲ್ಲಿ ಹಾಡುವವನು. ಪಕ್ಕದ ಓಣಿಯವನೋ, ಈ ಹುಡುಗ ಸಾಲ ಕೇಳಿದಾಗ, "ಮೊದಲು ನಿಮ್ಮವ್ವಗ ಹೇಳು, ಆಮ್ಯಾಲೆ ರೊಕ್ಕದ ಮಾತು" ಅಂದವನು. ಆ ಹುಡುಗನನ್ನು ಹಾಡಲು ಕೂಟದ ಮುಂದೆ ನಿಲ್ಲಿಸಿದವನು ನಾನೇ. ಆ ನೋವು ನನಗಿದೆ.

ಗೆಳೆತನದ ಮಾತು ಬಂದಾಗಲೆಲ್ಲ ನಮ್ಮ ಹಿರಿಯರು ಎತ್ತುವ ಬೈಬಲಿನ ವಚನ 2 ಕೊರಿಂಥ 6:14. ನಂಬದವರೊಂದಿಗೆ ಇಜ್ಜೋಡಾಗಬೇಡಿ ಎನ್ನುತ್ತಾನೆ ಅಪೊಸ್ತಲ ಪೌಲ. ಇಜ್ಜೋಡು, ಅಂದರೆ ಹೊಂದದ ಜೋಡಿ, ಉಳುಮೆಯ ಮಾತು. ಎತ್ತನ್ನೂ ಕತ್ತೆಯನ್ನೂ ಒಂದೇ ನೊಗಕ್ಕೆ ಕಟ್ಟಿ ಉಳಬಾರದೆಂದು ಧರ್ಮೋಪದೇಶಕಾಂಡ 22:10ರಲ್ಲಿದೆ. ಸಿರುಗುಪ್ಪ, ಕುರುಗೋಡಿನ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೊಗ ಹೊತ್ತ ಎತ್ತು ತನಗೆ ಬೇಕಾದ ಕಡೆ ತಿರುಗಲಾರದು, ಜೋಡಿ ಎಳೆದತ್ತ ಹೋಗಲೇಬೇಕು. ಮದುವೆ, ಪಾಲುದಾರಿಕೆ, ಸಾಲಕ್ಕೆ ಜಾಮೀನು ನಿಲ್ಲುವುದು, ಇವು ನೊಗ. ಸಂಜೆ ಒಟ್ಟಿಗೆ ಒಗ್ಗಾಣಿ ಮಿರ್ಚಿ ತಿನ್ನುವುದು ನೊಗವಲ್ಲ. ಕೊರಿಂಥದ ಅದೇ ಸಭೆಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಪೌಲ ಇದನ್ನು ತಾನೇ ಬಿಡಿಸಿದ್ದಾನೆ: ಕೆಟ್ಟವರ ಸಹವಾಸ ಬೇಡ ಎಂದಾಗ ನಾನು ಹೊರಗಿನ ಲೋಕದವರ ಬಗ್ಗೆ ಹೇಳಲಿಲ್ಲ, ಹಾಗಿದ್ದರೆ ನೀವು ಲೋಕವನ್ನೇ ಬಿಟ್ಟು ಹೋಗಬೇಕಾಗುತ್ತಿತ್ತು, ಸಹೋದರನೆನಿಸಿಕೊಂಡು ಕೆಟ್ಟದ್ದು ಮಾಡುವವನ ಬಗ್ಗೆ ಹೇಳಿದೆ. ಈ ಭಾಗವನ್ನು ನಾವು ಸಭೆಯಲ್ಲಿ ಓದುವುದು ಕಡಿಮೆ.

ಅರಸ ದಾವೀದನ ಮಗ ಅಮ್ನೋನನನ್ನು ಹಾಳುಮಾಡಿದ ಯೋನಾದಾಬ ಹೊರಗಿನವನಲ್ಲ, ದಾವೀದನ ಅಣ್ಣನ ಮಗ. ದಿನದಿನಕ್ಕೆ ಯಾಕೆ ಸೊರಗುತ್ತಿದ್ದೀ ಎಂದು ಅಕ್ಕರೆಯಿಂದಲೇ ಕೇಳಿದ. ಕಾಯಿಲೆಯ ನಟನೆ ಹೇಳಿಕೊಟ್ಟ. ಆ ನಟನೆಯಿಂದ ಅಮ್ನೋನ ಮಲತಂಗಿ ತಾಮಾರಳನ್ನು ಕರೆಸಿಕೊಂಡು ಬಲಾತ್ಕರಿಸಿದ. ಅವಳ ಬದುಕು ಮುರಿಯಿತು. ಎರಡು ವರ್ಷದ ನಂತರ ಅದರ ಸೇಡಿಗೆ ಅಮ್ನೋನ ಕೊಲೆಯಾದಾಗ ಇದೇ ಯೋನಾದಾಬ ಅರಸನ ಮುಂದೆ ನಿಂತು, ನಿನ್ನ ಮಕ್ಕಳೆಲ್ಲ ಸತ್ತಿಲ್ಲ, ಸತ್ತವನು ಅಮ್ನೋನನೊಬ್ಬನೇ ಎಂದು ಸಮಾಧಾನ ಹೇಳುತ್ತಾನೆ. 2 ಸಮುವೇಲ 13ರ ಈ ಸಾಲು ಓದಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ. ಇನ್ನೊಂದು ಕಡೆ, ದಾವೀದನನ್ನು ಕೊಲ್ಲಲು ಹುಡುಕುತ್ತಿದ್ದವನು ಅರಸ ಸೌಲ; ಯೋನಾತಾನ ಅವನ ಮಗ. ಆ ಯೋನಾತಾನ ದಾವೀದನಿದ್ದ ಕಾಡಿಗೇ ಹೋಗಿ, ದೇವರಲ್ಲಿ ದಾವೀದನ ಕೈ ಬಲಪಡಿಸಿ, ಅಂದರೆ ಧೈರ್ಯ ತುಂಬಿ ಬಂದ. ಯಾರ ಮನೆಯವನೆಂದಷ್ಟೇ ನೋಡಿದ್ದರೆ ದಾವೀದ ಅವನನ್ನು ದೂರ ಇಡಬೇಕಿತ್ತು.

ಅದಕ್ಕೇ ಗೆಳೆಯ ಸಭೆಗೆ ಬರುತ್ತಾನೋ ಇಲ್ಲವೋ ಎಂಬುದನ್ನು ಯುವಕರಿಗೆ ನಾನು ಮೊದಲು ಕೇಳುವುದಿಲ್ಲ. ನಿನಗೆ "ಬ್ಯಾಡ" ಅಂದವರು ಯಾರು, ಕೊನೆಯ ಸಲ ಯಾವಾಗ ಅಂದರು? ಅವನ ಜೊತೆ ಇದ್ದು ಬಂದ ರಾತ್ರಿ ಮನೆಯಲ್ಲಿ ಸುಳ್ಳು ಹೇಳಬೇಕಾಯಿತೇ? ಪ್ರಾರ್ಥನೆಗೆ ಮನಸ್ಸು ಬಂತೇ? ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಹಿಡಿಯಲಿ. ಹನ್ನೆರಡು ಮಂದಿ ಶಿಷ್ಯರನ್ನು ಆರಿಸುವ ಮುನ್ನ ಯೇಸು ಇಡೀ ರಾತ್ರಿ ಬೆಟ್ಟದಲ್ಲಿ ಪ್ರಾರ್ಥಿಸಿದನು. ಜನ ಹೀಗಳೆಯುತ್ತಿದ್ದ ಸುಂಕದವರ ಮನೆಯಲ್ಲಿ ಉಂಡನು, ಆದರೆ ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದ ಸಂಕಟದ ಹೊತ್ತಿಗೆ ತೀರ ಹತ್ತಿರ ಕರೆದುಕೊಂಡದ್ದು ಆ ಶಿಷ್ಯರಲ್ಲಿ ಮೂವರನ್ನು.

ಹುಡುಗ ಒಪ್ಪಿದ ಮೇಲೆ ಅವನ ಎದುರಿಗೇ ತಾಯಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಸೆರಗು ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಮುಂದಿನ ವಾರ ಪಕ್ಕದ ಓಣಿಯ ಹುಡುಗನನ್ನು ಊಟಕ್ಕೆ ಕರೆದರಂತೆ. ಹಾಡುವವನನ್ನು ನಾವು ಸಭೆಯಿಂದ ಕಳಿಸಿಲ್ಲ. ಮುಂದೆ ನಿಂತು ಹಾಡುವುದು ಸದ್ಯಕ್ಕೆ ಬೇಡ ಎಂದಿದ್ದೇನೆ. ಗುರುವಾರ ಸಂಜೆ ನಾವಿಬ್ಬರೇ ಕೂರುತ್ತೇವೆ. ಆ್ಯಪ್ ತೆಗೆದಿದ್ದಾನೆ, ಸಾಲ ಇನ್ನೂ ತೀರಿಲ್ಲ.