ಪದ ಪರಿಚಯ: ನೆರಳು ವಲಯ

ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ನೆರಳು ಅಂದರೆ ಬೇವಿನ ಮರದ ಕೆಳಗಿನ ತಂಪಷ್ಟೇ ಅಲ್ಲ. ಮುಂಗಾರು ಸಹ್ಯಾದ್ರಿಯ ಆಚೆಯೇ ಸುರಿದು, ಈಚೆ ಬರುವಷ್ಟರಲ್ಲಿ ಮೋಡ ಬರಿದಾಗುವ ‘ಮಳೆ ನೆರಳು’ ಇಲ್ಲಿಯ ಒಣಬೇಸಾಯದವರಿಗೆಲ್ಲ ಗೊತ್ತು. ಭೂಕಂಪಶಾಸ್ತ್ರದ ‘ನೆರಳು ವಲಯ’ವೂ ಅದೇ ಜಾತಿಯ ಪದ. ದೊಡ್ಡ ಭೂಕಂಪವಾದಾಗ ಅದರ ಅಲೆಗಳು ಭೂಮಿಯ ಒಡಲೊಳಗಿಂದ ಹಾದು ದೂರದೂರದ ಕಂಪನಮಾಪಕಗಳನ್ನು ಮುಟ್ಟುತ್ತವೆ. ಆದರೆ ಒಂದು ದೂರ ದಾಟಿದ ಮೇಲೆ ನೇರ ಅಲೆ ತಲುಪದ ಪ್ರದೇಶ ಸಿಗುತ್ತದೆ. ಅದೇ ನೆರಳು ವಲಯ. ಹೆಸರು ಒಂದೇ, ಆದರೆ ಅಲೆಗಳಲ್ಲಿ ಎರಡು ಬಗೆ, ಹಾಗಾಗಿ ನೆರಳೂ ಎರಡು. ಒಂದೊಂದಕ್ಕೂ ಬೇರೆ ಕಾರಣ. ಪಾಠ ಓದಿದವರೂ ಎಡವುವುದು ಇಲ್ಲೇ.

ಅದಿರು ತುಂಬಿದ ಗೂಡ್ಸ್ ರೈಲು ಬಳ್ಳಾರಿ ಕಡೆ ಹೊರಡುವುದನ್ನು ನೋಡಿ. ಇಂಜಿನ್ ಜಗ್ಗಿದ ಕೂಡಲೇ ಕೊನೆಯ ವ್ಯಾಗನ್ ಅಲುಗುವುದಿಲ್ಲ. ಕೊಂಡಿಯಿಂದ ಕೊಂಡಿಗೆ ಟಕ್, ಟಕ್, ಟಕ್ ಎಂದು ಜಗ್ಗಾಟ ಹಿಂದಕ್ಕೆ ಓಡುತ್ತದೆ. ವ್ಯಾಗನ್ ಅಲುಗುವುದೂ ಹಳಿಗುಂಟ, ಜಗ್ಗಾಟ ಸಾಗುವುದೂ ಹಳಿಗುಂಟ. ಪ್ರಾಥಮಿಕ ಅಲೆ, ಅಂದರೆ ಪಿ ಅಲೆ, ಇಂಥದ್ದು. ಕಲ್ಲು, ನೀರು, ಗಾಳಿ ಯಾವುದರಲ್ಲಾದರೂ ಸಾಗುತ್ತದೆ. ದ್ವಿತೀಯ ಅಲೆ, ಅಂದರೆ ಎಸ್ ಅಲೆ, ಒಗೆದ ಸೀರೆಯನ್ನು ಇಬ್ಬರು ತುದಿ ಹಿಡಿದು ಕೊಡವಿದ ಹಾಗೆ: ಬಟ್ಟೆ ಮೇಲೆ ಕೆಳಗೆ ಆಡುತ್ತದೆ, ಅಲೆ ಆ ತುದಿಗೆ ಹೋಗುತ್ತದೆ. ಇದು ಸಾಗಬೇಕಾದರೆ ಅಡ್ಡ ಸರಿಸಿದ ವಸ್ತು ತನ್ನ ಜಾಗಕ್ಕೆ ಮರಳಬೇಕು. ಕಲ್ಲು ಮರಳುತ್ತದೆ. ತುಂಗಭದ್ರಾ ಕಾಲುವೆಗೆ ಕೈ ಹಾಕಿ ನೀರನ್ನು ಪಕ್ಕಕ್ಕೆ ಸರಿಸಿದರೆ ಅದು ಸರಿದೇ ಹೋಗುತ್ತದೆ. ಅದಕ್ಕೇ ದ್ರವದೊಳಗೆ ಎಸ್ ಅಲೆ ಇಲ್ಲ. (ನೀರಿನ ಮೇಲೆ ಕಣ್ಣಿಗೆ ಕಾಣುವ ಅಲೆಯ ಲೆಕ್ಕ ಬೇರೆ, ಅದು ಗುರುತ್ವದ ಆಟ.)

ನಮ್ಮ ಕಾಲಕೆಳಗಿನ ಗ್ರಾನೈಟ್ ಮತ್ತು ನೈಸ್ ಶಿಲೆಯಲ್ಲಿ ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ., ಎಸ್ ಅಲೆ ಸುಮಾರು 3.5 ಕಿ.ಮೀ. ಓಡುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪವಾದ ಮಹಾರಾಷ್ಟ್ರದ ಕಿಲ್ಲಾರಿ, ರಾಯಚೂರಿನಿಂದ ನೇರ ಗೆರೆಯಲ್ಲಿ ಸುಮಾರು 230 ಕಿ.ಮೀ. ಪಿ ಅಲೆಗೆ 38 ಸೆಕೆಂಡ್, ಎಸ್ ಅಲೆಗೆ 66 ಸೆಕೆಂಡ್ ಬೇಕು. ಅಂತರ 28 ಸೆಕೆಂಡ್. ಈ ಅಂತರವನ್ನು 8ರಿಂದ ಗುಣಿಸಿದರೆ ದೂರ ಸರಿಸುಮಾರು ಸಿಗುತ್ತದೆ: 224. ಎಸ್ ಬಂದ ಕ್ಷಣವನ್ನು ಒಂದು ಸೆಕೆಂಡ್ ತಪ್ಪಾಗಿ ಗುರುತಿಸಿದರೆ ದೂರದಲ್ಲಿ 8 ಕಿ.ಮೀ. ತಪ್ಪು. ಎಸ್ ಅಲೆ ಪಿ ಅಲೆಯ ಬಾಲದೊಳಗೇ ಬರುವುದರಿಂದ ಈ ತಪ್ಪು ಸುಲಭವಾಗಿ ಆಗುತ್ತದೆ. ಮಾಪಕ ಬರೆಯುವ ಮೇಲೆ ಕೆಳಗಿನ ಅಲುಗಾಟದ ದಾಖಲೆಗಿಂತ ಅಡ್ಡಡ್ಡ ಅಲುಗಾಟದ ಎರಡು ದಾಖಲೆಗಳಲ್ಲಿ ಎಸ್ ಸ್ಪಷ್ಟ. ಒಂದು ಕೇಂದ್ರದಿಂದ ಸಿಗುವುದು ದೂರ ಮಾತ್ರ, ಜಾಗ ಗೊತ್ತಾಗಲು ಕನಿಷ್ಠ ಮೂರು ಕೇಂದ್ರ ಬೇಕು. ಇನ್ನು ಕಲ್ಲು ಕ್ವಾರಿ, ಗಣಿಗಳ ಸ್ಫೋಟವನ್ನೂ ಈ ಅಲೆಗಳನ್ನು ನೋಡಿ ಭೂಕಂಪದಿಂದ ಬೇರ್ಪಡಿಸಬಹುದು. ಅದರಲ್ಲಿ ಪಿ ಜೋರು, ಎಸ್ ಸಾಮಾನ್ಯವಾಗಿ ಸೊರಗಿರುತ್ತದೆ, ಮೊದಲ ಅಲುಗಾಟ ಎಲ್ಲ ದಿಕ್ಕಿಗೂ ಹೊರಮುಖ. ಭೂಕಂಪದಲ್ಲಾದರೆ ಕೆಲವು ಕಡೆ ತಳ್ಳುತ್ತದೆ, ಕೆಲವು ಕಡೆ ಎಳೆಯುತ್ತದೆ.

ಕೆಲವು ನೂರು ಕಿ.ಮೀ. ದಾಟಿದರೆ ಎಂಟರ ಮಗ್ಗಿ ನಡೆಯದು. ಅಲೆ ಭೂಮಿಯ ಸಿಪ್ಪೆಯ ಕೆಳಗಿನ ದಪ್ಪ ಕಲ್ಲಿನ ಪದರಕ್ಕೆ, ಅಂದರೆ ಮ್ಯಾಂಟಲ್‌ಗೆ, ಇಳಿಯುತ್ತದೆ. ಆಳಕ್ಕೆ ಹೋದಷ್ಟೂ ವೇಗ ಹೆಚ್ಚಿ, ದಾರಿ ಬಿಲ್ಲಿನಂತೆ ಬಾಗಿ ಮೇಲೆ ಬರುತ್ತದೆ. ಸುಮಾರು 2,890 ಕಿ.ಮೀ. ಆಳದಲ್ಲಿ ಮ್ಯಾಂಟಲ್ ಮುಗಿದು ಹೊರ ಕೇಂದ್ರಗೋಳ ಶುರು. ಅದು ಕರಗಿದ ಕಬ್ಬಿಣ, ಜೊತೆಗೆ ನಿಕ್ಕಲ್.

ಎಸ್ ಅಲೆಯ ಕಥೆ ಅಲ್ಲಿಗೆ ಮುಗಿಯಿತು. ಕೇಂದ್ರಗೋಳವನ್ನು ಸವರಿಕೊಂಡು ಹೋದ ಕೊನೆಯ ಎಸ್ ಅಲೆ, ಭೂಕಂಪದ ಜಾಗದಿಂದ ಭೂಮಿಯ ನಡುಬಿಂದುವಿನ ಕೋನದಲ್ಲಿ ಅಳೆದರೆ, ಸುಮಾರು 104 ಡಿಗ್ರಿ ದೂರದಲ್ಲಿ, ಅಂದರೆ ಸುಮಾರು 11,500 ಕಿ.ಮೀ. ಆಚೆ, ಮೇಲೇಳುತ್ತದೆ. ಅದರಾಚೆ ಭೂಮಿಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಮೇಲ್ಮೈಗೆ ನೇರ ಎಸ್ ಇಲ್ಲ. ಇದು ತಡೆದದ್ದರಿಂದ ಬಿದ್ದ ನೆರಳು, ಮಳೆ ನೆರಳಿನ ಹತ್ತಿರದ ನೆಂಟ.

ಪಿ ಅಲೆಯ ನೆರಳು ಹಾಗಲ್ಲ. ಅದನ್ನು ಯಾರೂ ತಡೆಯುವುದಿಲ್ಲ. ಮ್ಯಾಂಟಲ್‌ನ ತಳದಲ್ಲಿ ಸೆಕೆಂಡಿಗೆ 13.7 ಕಿ.ಮೀ. ಇದ್ದ ವೇಗ ಕೇಂದ್ರಗೋಳ ಹೊಕ್ಕ ಕೂಡಲೇ 8ರ ಆಸುಪಾಸಿಗೆ ಕುಸಿಯುತ್ತದೆ. ಬೆಳಕು ನೀರಿಗೆ ಇಳಿದಾಗ ವೇಗ ತಗ್ಗಿ ಒಳಕ್ಕೆ ಬಾಗುವಂತೆ ಅಲೆಯೂ ಒಳಕ್ಕೆ ಬಾಗುತ್ತದೆ, ಹೊರಬೀಳುವಾಗ ಮತ್ತೊಮ್ಮೆ ಬಾಗಿ ಬಹಳ ಆಚೆಗೆ ಮೇಲೇಳುತ್ತದೆ. ಹಾಗಾಗಿ 104ರಿಂದ ಸುಮಾರು 140 ಡಿಗ್ರಿವರೆಗಿನ ಪಟ್ಟಿ ಖಾಲಿ ಉಳಿಯುತ್ತದೆ. ಖಾಲಿಯಾದದ್ದು ಎಲ್ಲಿ ಹೋಯಿತು? ಪಟ್ಟಿಯ ಆಚೆ ಅಂಚಿಗೆ. ಮಸೂರದ ಕೆಳಗಿನ ಬಿಸಿಲಿನಂತೆ 145 ಡಿಗ್ರಿಯ ಆಸುಪಾಸಿನಲ್ಲಿ ಅಲೆಗಳು ಒತ್ತೊತ್ತಾಗಿ ಬಂದು ಜೋರಾಗಿ ದಾಖಲಾಗುತ್ತವೆ. 1960ರ ಮಹಾಭೂಕಂಪದ ದಕ್ಷಿಣ ಚಿಲಿ ಬಳ್ಳಾರಿಗೆ ಹೆಚ್ಚುಕಡಿಮೆ ಇದೇ ಅಂಚಿನಲ್ಲಿದೆ.

ಹುಟ್ಟಿ ಚಿನ್ನದ ಗಣಿಯ ಆಳವನ್ನು ಬಿಡಿ, ಮನುಷ್ಯ ಕೊರೆದ ಅತಿ ಆಳದ, ರಷ್ಯಾದ ಕೋಲಾ ರಂಧ್ರವೂ 12 ಕಿ.ಮೀ. ಚಿಲ್ಲರೆ. ಉಳಿದ 6,359 ಕಿ.ಮೀ. ಗೊತ್ತಾದದ್ದು ಬಹುಪಾಲು ಇಂಥ ಹಾಜರಿ, ಗೈರುಹಾಜರಿಗಳಿಂದ. 1897ರ ಅಸ್ಸಾಂ ಭೂಕಂಪವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದಲ್ಲಿದ್ದು ಅಧ್ಯಯನ ಮಾಡಿದ ರಿಚರ್ಡ್ ಡಿಕ್ಸನ್ ಓಲ್ಡಮ್, 1906ರಲ್ಲಿ ಭೂಮಿಗೊಂದು ಕೇಂದ್ರಗೋಳ ಇದೆ ಎಂದರು. ಬೆನೊ ಗುಟೆನ್‌ಬರ್ಗ್ ಅದು ಶುರುವಾಗುವ ಆಳ ಸುಮಾರು 2,900 ಕಿ.ಮೀ. ಎಂದು ಲೆಕ್ಕ ಕಟ್ಟಿದರು. 1926ರಲ್ಲಿ ಹೆರಾಲ್ಡ್ ಜೆಫ್ರೀಸ್ ಅದು ದ್ರವ ಎಂದು ವಾದಿಸಿದರು. ಆದರೂ ಒಂದು ಕಗ್ಗಂಟು ಉಳಿಯಿತು: ಖಾಲಿ ಇರಬೇಕಾದ ಪಟ್ಟಿಯಲ್ಲಿ ಕ್ಷೀಣವಾದ ಪಿ ಅಲೆಗಳು ಸಿಗುತ್ತಿದ್ದವು. ಡೆನ್ಮಾರ್ಕಿನ ಇಂಗೆ ಲೇಮನ್ 1929ರ ನ್ಯೂಜಿಲೆಂಡ್ ಭೂಕಂಪದ ದಾಖಲೆಗಳನ್ನು ಇಟ್ಟುಕೊಂಡು, ಕೇಂದ್ರಗೋಳದೊಳಗೆ ಇನ್ನೊಂದು ಗೋಳವಿದೆ, ಅಲೆಗಳು ಅಲ್ಲಿಂದ ತಿರುಗಿ ಬರುತ್ತಿವೆ ಎಂದು 1936ರಲ್ಲಿ ಬಿಡಿಸಿದರು. ಸುಮಾರು 5,150 ಕಿ.ಮೀ. ಆಳದಲ್ಲಿ ಶುರುವಾಗುವ ಆ ಒಳಗೋಳ ಗಟ್ಟಿ.

ಕಾಲಕೆಳಗೆ ಎಲ್ಲೆಲ್ಲೂ ಲಾವಾ ಕುದಿಯುತ್ತಿದೆ ಎಂಬ ನಂಬಿಕೆಯನ್ನೂ ಇದೇ ಲೆಕ್ಕ ಮುರಿಯುತ್ತದೆ. ಮ್ಯಾಂಟಲ್ ದ್ರವವಾಗಿದ್ದರೆ ಎಸ್ ಅಲೆ 104 ಡಿಗ್ರಿವರೆಗೆ ಬರುವ ಮಾತೇ ಇರುತ್ತಿರಲಿಲ್ಲ. ಅದು ಕಲ್ಲು, ಕೋಟ್ಯಂತರ ವರ್ಷಗಳ ಲೆಕ್ಕದಲ್ಲಿ ಮಾತ್ರ ತೆವಳುವ ಕಲ್ಲು.

ಹಾಗಂತ ನೆರಳಿನಲ್ಲಿರುವ ಯಂತ್ರ ಸುಮ್ಮನೆ ಇರುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಬಳ್ಳಾರಿಯಿಂದ ಸುಮಾರು 124 ಡಿಗ್ರಿ ದೂರ, ನೆರಳಿನ ನಡುಮಧ್ಯ. ಅಲ್ಲಿ ದೊಡ್ಡ ಭೂಕಂಪವಾದರೆ ಇಲ್ಲಿಯ ಸೂಕ್ಷ್ಮ ಮಾಪಕಕ್ಕೆ ನೇರ ಪಿ ಸಿಗದು. ಲೇಮನ್ ಗುರುತಿಸಿದ ಒಳಗೋಳದ ಕ್ಷೀಣ ಅಲೆ ಸುಮಾರು 19 ನಿಮಿಷಕ್ಕೆ, ನಡುದಾರಿಯಲ್ಲಿ ನೆಲಕ್ಕೆ ಒಳಗಿನಿಂದ ಬಡಿದು ಪುಟಿದ ಪಿ ಅಲೆ 20 ನಿಮಿಷ ಕಳೆದ ಮೇಲೆ ಬರುತ್ತದೆ. ಭೂಮಿಯ ಸಿಪ್ಪೆಗುಂಟ ನಿಧಾನಕ್ಕೆ ಬರುವ ಮೇಲ್ಮೈ ಅಲೆಗಳಿಗೆ ಸುಮಾರು ಒಂದು ಗಂಟೆ ಬೇಕು. ಅವು ಕೇಂದ್ರಗೋಳದ ಹತ್ತಿರ ಸುಳಿಯುವುದೇ ಇಲ್ಲ, ಹಾಗಾಗಿ ಅವುಗಳಿಗೆ ಈ ನೆರಳೂ ಇಲ್ಲ.