ಎಳೆಮಕ್ಕಳ ತೂಕದ ಯಂತ್ರದ ಮೇಲೆ ಒಂದು ನಾಯಿ

ನನ್ನ ಕ್ಲಿನಿಕ್ಕಿನಲ್ಲಿ ಎರಡು ತೂಕದ ಯಂತ್ರಗಳಿವೆ. ಒಂದು ನೆಲದ ಮೇಲಿದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳೆಲ್ಲ ಅದರ ಮೇಲೆ ನಿಲ್ಲುತ್ತವೆ. ಇನ್ನೊಂದು ಮೇಜಿನ ಮೇಲಿದೆ. ಅದು ಎಳೆಮಕ್ಕಳನ್ನು ತೂಗುವ ಯಂತ್ರ. ಇಲ್ಲೇ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಮಕ್ಕಳ ಡಾಕ್ಟರೊಬ್ಬರು ವಯಸ್ಸಾಯಿತು ಅಂತ ಕ್ಲಿನಿಕ್ ಮುಚ್ಚುವಾಗ ನನಗೆ ಕೊಟ್ಟು ಹೋದರು. ಬೆಕ್ಕಿನ ಮರಿಗಳಿಗೆ ಬೇಕಾಗುತ್ತೆ ಅಂತ ಇಟ್ಟುಕೊಂಡೆ. ಈಗ ಅದರ ಮೇಲೆ ಜಾಸ್ತಿ ಕೂರುವುದು ಚಿವಾವಾ ಅನ್ನುವ ಪುಟ್ಟ ತಳಿಯ ನಾಯಿಗಳು.

ಕಳೆದ ತಿಂಗಳು ಹುಬ್ಬಳ್ಳಿ ಕಡೆಯ ಗಂಡ ಹೆಂಡತಿ ಬಂದಿದ್ದರು. ಚಪ್ಪಲಿ ಡಬ್ಬದಲ್ಲಿ ಟವೆಲ್ ಹಾಸಿ ಒಂದು ಮರಿ ತಂದಿದ್ದರು. ತೂಗಿದರೆ 410 ಗ್ರಾಮ್.

"ಇದು ಟೀಕಪ್ ರೀ ಮೇಡಂ. ದೊಡ್ಡದಾಗಂಗಿಲ್ಲಂತ. ಇಷ್ಟ ಇರ್ತೈತಂತ."

"ಯಾರು ಹೇಳಿದ್ರು?"

"ಮಾರಿದವರು."

ಟೀಕಪ್ ಚಿವಾವಾ ಅಂತ ಒಂದು ತಳಿ ಇಲ್ಲ. ಉದ್ದ ಕೂದಲಿನದು, ನುಣುಪು ಕೂದಲಿನದು ಅಂತ ಎರಡು ಬಗೆ ಇದೆ, ಅಷ್ಟೇ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಹೇಳುವ ಸರಿಯಾದ ತೂಕ ಒಂದೂವರೆಯಿಂದ ಮೂರು ಕೆ.ಜಿ. ಅದಕ್ಕಿಂತ ಸಣ್ಣದು ಬೇಕು ಅಂದರೆ, ಬೆಳವಣಿಗೆ ಸರಿಯಿಲ್ಲದ ಮರಿಗಳನ್ನು ಒಂದಕ್ಕೊಂದು ಕೂಡಿಸಬೇಕು. ಇಲ್ಲವೇ ವಯಸ್ಸು ಸುಳ್ಳು ಹೇಳಬೇಕು. ಇವರಿಗೆ ಎರಡು ತಿಂಗಳ ಮರಿ ಅಂತ ಹೇಳಿ ಕೊಟ್ಟಿದ್ದರು. ಬಾಯಿ ತೆರೆದು ನೋಡಿದೆ. ಹಾಲುಹಲ್ಲೇ ಪೂರ್ತಿ ಬಂದಿಲ್ಲ. ಐದು ವಾರ ಆಗಿದ್ದರೆ ಹೆಚ್ಚು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಅಂತ 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳು ಹೇಳುತ್ತವೆ. ಯಾರು ಕೇಳುತ್ತಾರೆ! ಮರಿ ಎಷ್ಟು ಸಣ್ಣದೋ ರೇಟು ಅಷ್ಟು ಜಾಸ್ತಿ. ಹಾಗಾಗಿ ತಾಯಿಯಿಂದ ಬೇಗ ಕಿತ್ತಷ್ಟೂ ಲಾಭ.

ಪ್ರಪಂಚದ ಅತಿ ಗಿಡ್ಡ ನಾಯಿ ಅಂತ 2023ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ್ದು ಪರ್ಲ್ ಎಂಬ ಚಿವಾವಾ. ಎತ್ತರ 9.14 ಸೆಂಟಿಮೀಟರ್. ಫೋಟೊ ನೋಡಿದವರೆಲ್ಲ "ಅಂಥದ್ದೇ ಬೇಕು" ಅನ್ನುತ್ತಾರೆ. ದಾಖಲೆಗೆ ಚೆಂದ. ಸಾಕುವುದಕ್ಕೆ ಎರಡು, ಎರಡೂವರೆ ಕೆ.ಜಿ.ಯ ನಾಯಿ ಹುಡುಕಿ ಅಂತ ನಾನು ಹೇಳುತ್ತೇನೆ.

ನಾನೇ ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ ಓದು ಮುಗಿಸಿ ಮುಂಬಯಿಗೆ ಬಂದ ಹೊಸತು. ಒಂದು ರಾತ್ರಿ ಫೋನ್ ಬಂತು. "ಮರಿ ನಡುಗುತ್ತಿದೆ ಡಾಕ್ಟ್ರೆ, ಸುಮ್ನೆ ಮಲಗಿದೆ." ಜನವರಿ ತಿಂಗಳು. "ಚಳಿ ಇರಬೇಕು, ಸ್ವೆಟರ್ ಹಾಕಿ, ಬೆಳಿಗ್ಗೆ ನೋಡೋಣ" ಅಂದೆ. ಮುಂಬಯಿಯ ಜನವರಿಯಲ್ಲಿ ಎಂಥ ಚಳಿ? ಅಷ್ಟೂ ಯೋಚಿಸಲಿಲ್ಲ. ಒಂದು ಗಂಟೆಯೊಳಗೆ ಅವರೇ ರಿಕ್ಷಾ ಹಿಡಿದು ಬಂದರು. ಮರಿಗೆ ಫಿಟ್ಸ್ ಬಂದಿತ್ತು. ರಕ್ತದಲ್ಲಿ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಗ್ಲೂಕೋಸ್ ಕೊಟ್ಟು ರಾತ್ರಿಯೆಲ್ಲ ಪಕ್ಕದಲ್ಲೇ ಕೂತೆ. ಬದುಕಿತು. ನನ್ನ ಪುಣ್ಯ, ಅವರ ಪುಣ್ಯ.

ಇದು ಹೀಗಾಗುತ್ತದೆ. ನಮ್ಮ ದೇಹ ಊಟ ತಪ್ಪಿದರೆ ಲಿವರ್‌ನಲ್ಲಿ ಇಟ್ಟುಕೊಂಡ ಸಕ್ಕರೆಯನ್ನು ತೆಗೆದು ಬಳಸುತ್ತದೆ. ಅರ್ಧ ಕೆ.ಜಿ.ಯ ಮರಿಯ ಲಿವರ್ ಎಷ್ಟು ದೊಡ್ಡದಿದ್ದೀತು? ಅದರಲ್ಲಿ ಉಳಿತಾಯ ಕೆಲವು ಗಂಟೆಗಳದ್ದು ಮಾತ್ರ. ಮೇಲಾಗಿ ಸಣ್ಣ ದೇಹ ಬೇಗ ಶಾಖ ಕಳೆದುಕೊಳ್ಳುತ್ತದೆ, ಅದಕ್ಕೂ ಸಕ್ಕರೆ ಉರಿಯಬೇಕು. ಹೊಸ ಮನೆ, ಗಾಬರಿ, ಒಂದು ಹೊತ್ತು ತಿನ್ನಲಿಲ್ಲ ಅಂದರೆ ಕಥೆ ಕೆಟ್ಟಿತು. ಹಾಗಾಗಿ ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕೈದು ಸಲ ಊಟ. ರಾತ್ರಿ ಮಲಗುವ ಮುಂಚೆ ಒಂದು ಸಲ ಕಡ್ಡಾಯ. ಮರಿ ತೂರಾಡಿದರೆ, ಮಂಕಾದರೆ, ಒಸಡಿಗೆ ಬೆರಳಲ್ಲಿ ಸ್ವಲ್ಪ ಜೇನುತುಪ್ಪ ಅಥವಾ ಸಕ್ಕರೆ ನೀರು ಸವರಿ, ಬೆಚ್ಚಗೆ ಸುತ್ತಿ ತಕ್ಷಣ ಡಾಕ್ಟರ ಹತ್ತಿರ ಬನ್ನಿ. ಎಚ್ಚರ ತಪ್ಪಿದ ಮರಿಯ ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಬೆಳೆದ ಚಿವಾವಾ ನಡುಗಿದರೆ ಅಷ್ಟು ಹೆದರಬೇಕಿಲ್ಲ. ಖುಷಿಗೂ ನಡುಗುತ್ತದೆ, ಭಯಕ್ಕೂ ನಡುಗುತ್ತದೆ, ಹದಿನೆಂಟು ಡಿಗ್ರಿಯ ಏಸಿಗೂ ನಡುಗುತ್ತದೆ. ಯಾವುದಕ್ಕೆ ಅಂತ ಒಂದು ವರ್ಷ ಜೊತೆಗಿದ್ದರೆ ಮನೆಯವರಿಗೇ ಗೊತ್ತಾಗುತ್ತದೆ.

ಇನ್ನು ಶೆಟ್ಟರ ಬನ್ಸ್ ವಿಷಯ. ಶೆಟ್ಟರು ಉಡುಪಿ ಕಡೆಯವರು, ಹೋಟೆಲ್ ನಡೆಸುತ್ತಾರೆ. ಮಗಳು ಹಟ ಮಾಡಿ ತಂದ ಕಂದು ಬಣ್ಣದ ಗಂಡು ಚಿವಾವಾ. ದುಂಡಗೆ ಮಂಗಳೂರು ಬನ್ಸ್ ಹಾಗೆ ಕಂಡಿತು ಅಂತ ಆ ಹೆಸರು. ನಾಲ್ಕು ವರ್ಷ ಆಗುವಷ್ಟರಲ್ಲಿ ಹೆಸರಿಗೆ ತಕ್ಕಂತೆ ಉಬ್ಬಿತು. 2.3 ಕೆ.ಜಿ. ಇರಬೇಕಾದ್ದು 3.4 ಆಯಿತು. "ಏನೂ ಕೊಡೋದಿಲ್ಲ ಮಾರಾಯ್ರೆ, ಚಾ ಕುಡಿಯುವಾಗ ಎರಡು ಬಿಸ್ಕೆಟ್, ಅಷ್ಟೇ" ಅಂದರು ಶೆಟ್ಟರು. ಚಾ ದಿನಕ್ಕೆ ಎಷ್ಟು ಸಲ? ಎರಡು ಸಲ.

ಲೆಕ್ಕ ಹಾಕಿ ತೋರಿಸಿದೆ. ಅಷ್ಟು ಸಣ್ಣ ನಾಯಿಗೆ ದಿನಕ್ಕೆ ಬೇಕಾದ್ದು ಸುಮಾರು 150ರಿಂದ 180 ಕ್ಯಾಲೊರಿ. ಒಂದು ಗ್ಲೂಕೋಸ್ ಬಿಸ್ಕೆಟ್ಟಿನಲ್ಲಿ ಹತ್ತಿರ ಹತ್ತಿರ 25 ಇರುತ್ತದೆ. "ಶೆಟ್ರೆ, ಬನ್ಸ್ ಒಂದು ಬಿಸ್ಕೆಟ್ ತಿಂದರೆ ನೀವು ಒಂದು ಮಸಾಲೆ ದೋಸೆ ತಿಂದ ಹಾಗೆ. ಊಟ ಬಿಟ್ಟು ದಿನಕ್ಕೆ ನಾಲ್ಕು ದೋಸೆ." ಶೆಟ್ಟರು ಗಂಭೀರವಾಗಿ ಕೇಳಿದರು, "ಬೆಣ್ಣೆ ಹಾಕಿದ್ದೋ, ಹಾಕದ್ದೋ?" ಮರುದಿನದಿಂದ ಬಿಸ್ಕೆಟ್ ಬಂದ್. ಹೋಟೆಲಿನವರಿಗೆ ದೋಸೆಯ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ.

ವಿಷದ್ದೂ ಇದೇ ಲೆಕ್ಕ. ನಲವತ್ತು ಗ್ರಾಮಿನ ಡಾರ್ಕ್ ಚಾಕೊಲೇಟ್ ಬಾರನ್ನು ಮೂವತ್ತು ಕೆ.ಜಿ.ಯ ಲ್ಯಾಬ್ರಡಾರ್ ತಿಂದರೆ ಹೊಟ್ಟೆ ಕೆಡಬಹುದು. ಎರಡು ಕೆ.ಜಿ.ಯ ಚಿವಾವಾ ತಿಂದರೆ ಜೀವಕ್ಕೇ ಕುತ್ತು. ಜ್ವರ ಅಂತ ಮನೆಯಲ್ಲಿದ್ದ 500 ಮಿಲಿಗ್ರಾಮಿನ ಪ್ಯಾರಾಸಿಟಮಾಲ್ ಮಾತ್ರೆಯನ್ನು ಮುರಿದು ಅರ್ಧ ಕೊಟ್ಟವರಿದ್ದಾರೆ. ಅಷ್ಟು ಸಣ್ಣ ನಾಯಿಗೆ ಆ ಅರ್ಧವೂ ವಿಷವೇ. ಕೋಳಿ ಗಸಿಯಲ್ಲಿ ನೆನೆಸಿದ ನೀರುದೋಸೆ ಬೇಡ, ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತೆ. ಪಾಯಸದ ಒಣದ್ರಾಕ್ಷಿಯೂ ಬೇಡ. ಉಣ್ಣಿಯ ಮಾತ್ರೆಯನ್ನು "ದೊಡ್ಡ ನಾಯಿಯದ್ದು ಇದೆ, ಕಾಲು ಭಾಗ ಕೊಡ್ಲಾ?" ಅಂತ ಕೇಳಬೇಡಿ. ನಾಯಿಯ ತೂಕಕ್ಕೆ ತಕ್ಕದ್ದನ್ನೇ ಕೊಡಬೇಕು.

ಈಗ ಕಚ್ಚುವ ವಿಷಯಕ್ಕೆ ಬರೋಣ. ನನ್ನ ಹತ್ತಿರ ಬರುವ ದೂರುಗಳಲ್ಲಿ ಅರ್ಧ ಇದೇ.

ಗೋರೆಗಾಂವಿನಿಂದ ಒಬ್ಬ ಅಜ್ಜಿ ಬರುತ್ತಾರೆ, ಕುಂದಾಪುರದ ಕಡೆಯವರು. ಮಗ, ಸೊಸೆ ಕೆಲಸಕ್ಕೆ ಹೋದರೆ ಮನೆಯಲ್ಲಿ ಅಜ್ಜಿ ಮತ್ತು ನಾಯಿ ಇಬ್ಬರೇ. ಮೊದಲ ಸಲ ಬಂದಾಗ ಮರಿಯ ತಲೆ ಮುಟ್ಟಿ, "ಡಾಕ್ಟ್ರಮ್ಮ, ಇದರ ನೆತ್ತಿ ಇನ್ನೂ ಕೂಡಿಲ್ಲ, ಎಣ್ಣೆ ಹಚ್ಚಲಾ?" ಅಂತ ಕೇಳಿದ್ದರು. ಹತ್ತು ಮೊಮ್ಮಕ್ಕಳ ನೆತ್ತಿಗೆ ಎಣ್ಣೆ ಹಚ್ಚಿದ ಕೈ ಅದು, ಕೂಡಲೇ ಗುರುತಿಸಿತು. ನಿಜ, ಬಹಳಷ್ಟು ಚಿವಾವಾಗಳಿಗೆ ತಲೆಬುರುಡೆಯ ಮೇಲೆ ಒಂದು ಮೆತ್ತನೆಯ ಜಾಗ ಇರುತ್ತದೆ. ಅದಕ್ಕೆ ಮೊಲೆರಾ ಅನ್ನುತ್ತಾರೆ. ಕೆಲವಕ್ಕೆ ಮುಚ್ಚುತ್ತದೆ, ಕೆಲವಕ್ಕೆ ಜೀವನಪೂರ್ತಿ ಇರುತ್ತದೆ. ಎಣ್ಣೆ ಬೇಡ, ಪೆಟ್ಟು ಬೀಳದಂತೆ ನೋಡಿಕೊಂಡರೆ ಸಾಕು ಅಂದೆ. ಜೊತೆಗೆ ತಲೆ ಗುಮ್ಮಟದಂತೆ ದೊಡ್ಡದಾಗಿ, ನಡಿಗೆ ಸರಿಯಿಲ್ಲದೆ, ಮರಿ ಮಂಕಾಗಿದ್ದರೆ ಮಾತ್ರ ತಲೆಯೊಳಗೆ ನೀರು ತುಂಬಿದೆಯಾ ಅಂತ ನೋಡಬೇಕಾಗುತ್ತದೆ.

ಅಜ್ಜಿ ಪೆಟ್ಟು ಬೀಳದಂತೆ ಎಷ್ಟು ನೋಡಿಕೊಂಡರು ಅಂದರೆ, ಮರಿಯನ್ನು ನೆಲಕ್ಕೇ ಬಿಡಲಿಲ್ಲ. ಸೆರಗಿನೊಳಗೆ ಊಟ, ಸೆರಗಿನೊಳಗೆ ನಿದ್ದೆ. ಒಂದು ವರ್ಷ ತುಂಬುವಷ್ಟರಲ್ಲಿ ಅದು ಹಾಲಿನವನನ್ನು ಕಚ್ಚಿತು, ಸೊಸೆಯನ್ನು ಕಚ್ಚಿತು, ನನ್ನ ಕಾಂಪೌಂಡರನ್ನು ಎರಡು ಸಲ ಕಚ್ಚಿತು. "ಬಹಳ ಸಿಟ್ಟು ಇದಕ್ಕೆ" ಅನ್ನುತ್ತಾರೆ ಅಜ್ಜಿ, ಹೆಮ್ಮೆಯಿಂದ.

ಸಿಟ್ಟಲ್ಲ, ಹೆದರಿಕೆ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಮರಿ ಪ್ರಪಂಚವನ್ನು ಕಲಿಯುತ್ತದೆ. ಒಡಹುಟ್ಟಿದವರನ್ನು ಜೋರಾಗಿ ಕಚ್ಚಿದರೆ ಅವು ಕಿರುಚಿ ಆಟ ನಿಲ್ಲಿಸುತ್ತವೆ, ಎಷ್ಟು ಕಚ್ಚಬಹುದು ಅನ್ನುವ ಅಳತೆ ಹಾಗೆ ಬರುತ್ತದೆ. ಐದು ವಾರಕ್ಕೇ ತಾಯಿಯನ್ನು ಬಿಟ್ಟ ಮರಿಗೆ ಆ ಪಾಠ ಆಗಿರುವುದಿಲ್ಲ. ಆಮೇಲೆ ನಾವು ಅದನ್ನು ಎತ್ತಿಕೊಂಡೇ ಇರುತ್ತೇವೆ. ನೆಲದ ಮೇಲಿದ್ದರೆ ಹಿಂದೆ ಸರಿಯಬಹುದು, ಸೋಫಾದಡಿ ಹೋಗಬಹುದು. ಕೈಯಲ್ಲಿದ್ದರೆ ಎಲ್ಲಿಗೆ ಹೋಗಬೇಕು? ಎದುರಿನಿಂದ ತನ್ನ ತಲೆಗಿಂತ ದೊಡ್ಡದೊಂದು ಕೈ ಬರುತ್ತಿದೆ. ಅದು ಮೊದಲು ಮುಖ ತಿರುಗಿಸುತ್ತದೆ. ತುಟಿ ನೆಕ್ಕಿಕೊಳ್ಳುತ್ತದೆ. ಮೈ ಬಿಗಿ ಮಾಡುತ್ತದೆ, ಕಣ್ಣಿನ ಬಿಳಿ ಕಾಣಿಸುತ್ತದೆ. ಆಮೇಲೆ ಗುರ್ ಅನ್ನುತ್ತದೆ. ಜರ್ಮನ್ ಶೆಫರ್ಡ್ ಗುರ್ ಅಂದಿದ್ದರೆ ಇಡೀ ಸೊಸೈಟಿಯಲ್ಲಿ ಮೀಟಿಂಗ್ ಆಗುತ್ತಿತ್ತು. ಇದು ಗುರ್ ಅಂದರೆ ನಗುತ್ತೇವೆ, ಮೊಬೈಲ್ ತೆಗೆದು ವಿಡಿಯೊ ಮಾಡುತ್ತೇವೆ. ಅದಕ್ಕೆ ಉಳಿದಿರುವುದು ಹಲ್ಲು ಒಂದೇ. ಒಮ್ಮೆ ಕಚ್ಚಿ ನೋಡುತ್ತದೆ, ಕೈ ಹಿಂದೆ ಹೋಗುತ್ತದೆ. ಓಹೋ, ಇದು ಕೆಲಸ ಮಾಡುತ್ತೆ ಅಂತ ಕಲಿಯುತ್ತದೆ.

ಅಂದಹಾಗೆ, ಸಣ್ಣ ನಾಯಿ ಕಚ್ಚಿದರೂ ಕಚ್ಚಿದ್ದೇ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರಿಗೆ ತೋರಿಸಬೇಕು. ನಾಯಿಗೆ ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ತಪ್ಪದೆ ಮುಂದಿನ ಡೋಸುಗಳು. "ಹೊರಗೇ ಹೋಗಲ್ವಲ್ಲ, ಯಾಕೆ?" ಅನ್ನುವವರಿಗೆ ನಾನು ಜಾಸ್ತಿ ವಾದ ಮಾಡುವುದಿಲ್ಲ, ಸಿರಿಂಜ್ ತೆಗೆಯುತ್ತೇನೆ.

ಅಜ್ಜಿಗೆ ಹೇಳಿದ್ದು ಇಷ್ಟೇ: ದಿನಕ್ಕೆ ಎರಡು ಸಲ ಕೆಳಗೆ ಬಿಡಿ, ತಾನೇ ನಡೆಯಲಿ. ಬಂದವರು ಮುಟ್ಟುವುದು ಬೇಡ, ನೆಲದ ಮೇಲೆ ಕೂತು ಒಂದು ಚೂರು ಬೇಯಿಸಿದ ಕೋಳಿ ಇಡಲಿ, ಅದಾಗಿ ಬಂದರೆ ಬರಲಿ. ಗುರ್ ಅಂದರೆ ಬೈಯಬೇಡಿ, ಕೈ ತೆಗೆಯಿರಿ. ಆರು ತಿಂಗಳಾಯಿತು. ಹಾಲಿನವನಿಗೆ ಈಗ ಬಾಲ ಅಲ್ಲಾಡಿಸುತ್ತದಂತೆ. ನನ್ನ ಕಾಂಪೌಂಡರ್ ಇನ್ನೂ ನಂಬುತ್ತಿಲ್ಲ.

ಮುಂಬಯಿಯ ಫ್ಲಾಟಿನಲ್ಲಿ ನೆಲಕ್ಕೆ ಬಿಡುವುದೂ ಸುಲಭವಲ್ಲ ಅನ್ನುವುದು ನನಗೆ ಗೊತ್ತು. ನುಣುಪು ಟೈಲ್ಸ್ ಮೇಲೆ ಓಡಿ ಜಾರುತ್ತವೆ. ಮೊಣಕಾಲಿನ ಚಿಪ್ಪು ಜಾಗ ಬಿಟ್ಟು ಒಳಗೆ ಸರಿಯುವುದು ಈ ತಳಿಯಲ್ಲಿ ತೀರಾ ಸಾಮಾನ್ಯ. ನಡೆಯುತ್ತಾ ಇದ್ದಕ್ಕಿದ್ದಂತೆ ಒಂದು ಹಿಂಗಾಲು ಎತ್ತಿ ನಾಲ್ಕು ಹೆಜ್ಜೆ ಕುಂಟಿ, ಕಾಲು ಝಾಡಿಸಿ, ಮತ್ತೆ ಸರಿಯಾಗಿ ನಡೆದರೆ ಅದು ಡ್ಯಾನ್ಸ್ ಅಲ್ಲ, ತೋರಿಸಿ. ಓಡಾಡುವ ಜಾಗಕ್ಕೆ ಚಾಪೆ ಹಾಸಿ, ಸೋಫಾಕ್ಕೆ ಒಂದು ಮೆಟ್ಟಿಲು ಇಡಿ. ಮುಂಗಾಲಿನ ಮೂಳೆ ಪೆನ್ಸಿಲ್‌ಗಿಂತ ಸಪೂರ. ಮಕ್ಕಳ ಕೈಯಿಂದ ಜಿಗಿದರೆ ಮುರಿಯುತ್ತದೆ. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಚಿವಾವಾ ಬೇಡ ಅಂತ ನಾನು ಮುಖಕ್ಕೆ ಹೇಳುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ, ಆಗಲಿ.

ಕುತ್ತಿಗೆಗೆ ಪಟ್ಟಿ ಕಟ್ಟಿ ಎಳೆಯಬೇಡಿ. ಇವುಗಳ ಶ್ವಾಸನಾಳದ ಮೃದ್ವಸ್ಥಿ ಸಡಿಲ, ಚಪ್ಪಟೆಯಾಗುತ್ತದೆ, ಆಗ ಬಾತುಕೋಳಿ ಕೂಗಿದಂತೆ ಕೆಮ್ಮು ಶುರುವಾಗುತ್ತದೆ. ಎದೆಗೆ ಹಾಕುವ ಹಾರ್ನೆಸ್ ಇರಲಿ. ಟೆರೇಸಿಗೆ ಒಂದೇ ಬಿಡಬೇಡಿ, ಈ ಊರಿನ ಹದ್ದುಗಳನ್ನು ನೀವೂ ನೋಡಿದ್ದೀರಲ್ಲ. ಮಳೆಗಾಲದಲ್ಲಿ ಗಲ್ಲಿಯಲ್ಲಿ ನಿಂತ ನೀರಿಗೆ ಇಳಿಸಬೇಡಿ. ಇಲಿ ಹೆಗ್ಗಣಗಳ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ ಬರುತ್ತದೆ, ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಜೂನ್‌ಗೆ ಮುಂಚೆ ಲಸಿಕೆ ಹಾಕಿಸಿ. ಇಲ್ಲಿನ ಹೆಗ್ಗಣ ಕೆಲವು ಚಿವಾವಾ ಮರಿಗಳಿಗಿಂತ ದಪ್ಪ. ಒಂದು ಸಲ ಲಿಫ್ಟಿನಲ್ಲಿ ಒಬ್ಬರು ಚಿವಾವಾ ನೋಡಿ ಹೆಗ್ಗಣ ಅಂತ ಕಿರುಚಿದ್ದೂ ಆಗಿದೆ.

ಲಿಫ್ಟ್ ಅಂದಾಗ ನೆನಪಾಯಿತು. ಸೊಸೈಟಿಯವರು ನಾಯಿ ಸಾಕಬಾರದು, ಲಿಫ್ಟ್ ಬಳಸಬಾರದು ಅಂದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ತೋರಿಸಿ. ನಿಮ್ಮ ಕಡೆಯಿಂದ ಪಾಲಿಕೆಯ ಲೈಸೆನ್ಸ್, ಲಸಿಕೆ ಪುಸ್ತಕ ಸರಿಯಾಗಿರಲಿ.

ಹಲ್ಲಿನ ಬಗ್ಗೆ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ತೋಳಕ್ಕೂ 42 ಹಲ್ಲು, ಚಿವಾವಾಕ್ಕೂ 42. ಬಾಯಿ ಮಾತ್ರ ಬೆಂಕಿಪೊಟ್ಟಣದಷ್ಟು. ಹಲ್ಲುಗಳು ಬೆಳಗಿನ ಲೋಕಲ್ಲಿನ ಜನರಂತೆ ಒತ್ತಿಕೊಂಡು ನಿಲ್ಲುತ್ತವೆ. ಸಂದಿಯಲ್ಲಿ ಊಟ ಸಿಕ್ಕಿ ಕಲ್ಲಾಗುತ್ತದೆ, ಒಸಡು ಕೊಳೆಯುತ್ತದೆ. ಏಳು ತಿಂಗಳಾದರೂ ಹಾಲುಹಲ್ಲು ಬೀಳದಿದ್ದರೆ ತೆಗೆಸಬೇಕು. ನಾಯಿಯ ಪೇಸ್ಟಿನಿಂದ ದಿನಾ ಉಜ್ಜಬೇಕು. ನಮ್ಮ ಪೇಸ್ಟ್ ಬೇಡ.

ಇಷ್ಟೆಲ್ಲ ಕೇಳಿದ ಮೇಲೆ ಯಾಕಾದರೂ ಸಾಕಬೇಕು ಅಂತ ಅನ್ನಿಸಬಹುದು. ಅವು ಒಬ್ಬರನ್ನು ಹಿಡಿದರೆ ಹಿಡಿದವು. ಮನೆಯಲ್ಲಿ ಆರು ಜನ ಇದ್ದರೂ ಒಬ್ಬರ ಹಿಂದೆಯೇ ಸುತ್ತುತ್ತವೆ. ಚೆನ್ನಾಗಿ ನೋಡಿಕೊಂಡರೆ ಹದಿನಾಲ್ಕು, ಹದಿನಾರು ವರ್ಷ ಹಾಗೆಯೇ.

ಬನ್ಸ್ ಹಿಡಿದದ್ದು ಮಗಳನ್ನಲ್ಲ, ಶೆಟ್ಟರನ್ನು. ಮಗಳು ಮದುವೆಯಾಗಿ ಪುಣೆಗೆ ಹೋದಳು. ಬನ್ಸ್‌ಗೆ ಈಗ ಹದಿಮೂರು. ತೂಕ 2.4. ಹೃದಯದ ಎಡಭಾಗದ ಕವಾಟ ಸವೆದಿದೆ, ಸ್ಟೆತಸ್ಕೋಪ್ ಇಟ್ಟರೆ ಸುಯ್ ಅಂತ ಕೇಳುತ್ತದೆ. ವಯಸ್ಸಾದ ಸಣ್ಣ ನಾಯಿಗಳಿಗೆ ಇದು ಬರುತ್ತದೆ. ದಿನಕ್ಕೆ ಎರಡು ಸಲ ಮಾತ್ರೆ ನಡೆಯುತ್ತಿದೆ. ನಿದ್ದೆಯಲ್ಲಿದ್ದಾಗ ಒಂದು ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿ, 30 ದಾಟಿದರೆ ರಾತ್ರಿ ಎಷ್ಟೇ ಹೊತ್ತಾದರೂ ಫೋನ್ ಮಾಡಿ ಅಂತ ಶೆಟ್ಟರಿಗೆ ಹೇಳಿದ್ದೇನೆ. ಹೋಟೆಲ್ ಬಾಗಿಲು ಹಾಕಿ ಮನೆಗೆ ಬಂದು, ಹನ್ನೊಂದೂವರೆ ಹೊತ್ತಿಗೆ ಅದರ ಪಕ್ಕ ಕೂತು ಎಣಿಸುತ್ತಾರೆ. ವಾಟ್ಸಾಪ್‌ನಲ್ಲಿ ಬರೀ ಒಂದು ಅಂಕಿ ಬರುತ್ತದೆ. ಮೊನ್ನೆ 22. ನಿನ್ನೆ 24.