‘ಛಲೋ ಅದ’ ಅಂದರೆ ಏನೂ ಹೇಳಿದ ಹಾಗಲ್ಲ

ನನ್ನ ಮೊದಲ ಗಿರಾಕಿ ಕಲಬುರಗಿಯ ಧಾನ್ಯದ ಪೇಟೆ ಗಂಜ್‌ನ ಒಬ್ಬ ದಾಲ್‌ಮಿಲ್ ಸಾಹುಕಾರರು. ವೆಬ್‌ಸೈಟ್ ಮುಗಿಸಿ, ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಅವರ ಅಂಗಡಿಗೆ ಹೋದೆ. ಅವರು ಗಾದಿ ಮೇಲೆ ಕೂತಿದ್ದರು, ನಾನು ಪಕ್ಕದಲ್ಲಿ ಕೂತು ಪುಟ ಮೇಲೆ ಕೆಳಗೆ ಮಾಡಿ ತೋರಿಸಿದೆ.

"ಹೆಂಗದ ಕಾಕಾ?"

"ಛಲೋ ಅದ ತಮ್ಮಾ. ಚಾ ಕುಡಿ."

ಇದನ್ನೇ ಒಪ್ಪಿಗೆ ಅಂದುಕೊಂಡು ಖುಷಿಯಿಂದ ಮನೆಗೆ ಬಂದೆ. ಒಂದು ವಾರ ಕಳೆಯಿತು. ಸಾಹುಕಾರರು ಆ ಲಿಂಕನ್ನು ಒಬ್ಬರಿಗೂ ಕಳಿಸಿರಲಿಲ್ಲ. ಮೊದಲಿನ ಹಾಗೇ ಚೀಟಿ ಮೇಲೆ ಪೆನ್ನಿನಲ್ಲಿ ಭಾವ, ಅಂದರೆ ಅವತ್ತಿನ ದರ, ಬರೆದು, ಅದರ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಾಕುತ್ತಿದ್ದರು.

ಈಗ ಹೊಸ ಹುಡುಗರು ನನ್ನ ಹತ್ತಿರ ಬರುತ್ತಾರೆ. "ಸರ, ಮೊದಲನೇ ಗಿರಾಕಿಗೆ ಸೈಟ್ ಮಾಡೀನಿ, ಒಮ್ಮೆ ನೋಡಿ ಹೆಂಗದ ಹೇಳ್ರಿ" ಅನ್ನುತ್ತಾರೆ. ನಾನು ಸೈಟ್ ನೋಡುವ ಮೊದಲೇ ಒಂದು ಮಾತು ಕೇಳುತ್ತೇನೆ: ಇದನ್ನು ಯಾರು ನೋಡಬೇಕು, ನೋಡಿ ಏನು ಮಾಡಬೇಕು? ಹೆಚ್ಚಿನವರು ತಡವರಿಸುತ್ತಾರೆ. ನಾನೂ ತಡವರಿಸಿದವನೇ.

‘ಹೆಂಗದ’ ಅನ್ನೋ ಪ್ರಶ್ನೆಯಲ್ಲೇ ತಪ್ಪಿದೆ. ನಮ್ಮ ಕಡೆ ಮುಖದ ಮೇಲೆ ‘ಚೆನ್ನಾಗಿಲ್ಲ’ ಅನ್ನುವವರು ಕಡಿಮೆ. ಹುಡುಗ ರಾತ್ರಿಯೆಲ್ಲ ಕೂತು ಮಾಡಿದ್ದಾನೆ, ಪರಿಚಯದವರ ಮಗ ಬೇರೆ, ಯಾಕೆ ಮನಸ್ಸು ನೋಯಿಸಬೇಕು ಅಂತ ‘ಛಲೋ ಅದ’ ಅಂದುಬಿಡುತ್ತಾರೆ. ಅದು ನಿಮ್ಮ ಬಗ್ಗೆ ಹೇಳಿದ ಮಾತು, ಸೈಟಿನ ಬಗ್ಗೆ ಅಲ್ಲ.

ನನಗೆ ಪಾಠ ಕಲಿಸಿದ್ದು ಆ ಮಿಲ್ಲಿನ ಲೆಕ್ಕ ಬರೆಯುವ ಮುನೀಮರು. ಅರವತ್ತು ದಾಟಿದವರು. ಎರಡನೇ ಸಲ ಹೋದಾಗ ಸಾಹುಕಾರರು ಊರಲ್ಲಿ ಇರಲಿಲ್ಲ. ಸುಮ್ನೆ ಕೂರೋದು ಯಾಕೆ ಅಂತ ಮುನೀಮರ ಫೋನಿನಲ್ಲೇ ಸೈಟ್ ತೆರೆದು ಕೈಗೆ ಕೊಟ್ಟೆ. "ಕಾಕಾ, ನೀವು ಸೊಲ್ಲಾಪುರದ ಅಂಗಡಿಯವರು ಅಂದುಕೊಳ್ರಿ. ನಿಮಗ ಹತ್ತು ಚೀಲ ಬೇಳೆ ಬೇಕಾಗ್ಯಾವ. ಇದರಾಗಿಂದ ಮಿಲ್ಲಿಗೆ ಫೋನ್ ಮಾಡ್ರಿ" ಅಂದೆ.

ಅವರು ಕನ್ನಡಕ ಏರಿಸಿಕೊಂಡರು. ಮೊದಲು ಚೀಲದ ಫೋಟೋ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಆಮೇಲೆ ಮೇಲಿನ ಮೆನುಗೆ ಹೋಗಿ ಮೊದಲನೇ ಪದವನ್ನೇ ಒತ್ತಿದರು. ಪುಟ ಅಲ್ಲೇ ಇತ್ತು. "ಇದು ಸಾವ್ಕಾರ್ರ ಮನಿ ವಿಳಾಸ ಅನ್ಕೊಂಡೆ" ಅಂದರು. ನೋಡಿದರೆ ನಾನು ಇಂಗ್ಲಿಷ್ ಮೆನುವನ್ನು ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕಿ ತೆಗೆದಿದ್ದೆ, ‘ಹೋಮ್’ ಹೋಗಿ ‘ಮನೆ’ ಆಗಿತ್ತು! ‘ಮುಖಪುಟ’ ಅಂತ ಇರಬೇಕಿದ್ದ ಜಾಗ. ಹತ್ತು ದಿನ ಅದನ್ನೇ ನೋಡಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ.

ಕೊನೆಗೆ ಮೇಲಿನ ಬ್ಯಾನರಿನಲ್ಲಿ ಫೋನ್ ನಂಬರ್ ಸಿಕ್ಕಿತು. ನಾನು ಅದನ್ನು ಫೋಟೋಶಾಪ್‌ನಲ್ಲಿ ಚಿತ್ರದ ಒಳಗೇ ಬರೆದುಬಿಟ್ಟಿದ್ದೆ, ಅಂದವಾಗಿ ಕಾಣಲಿ ಅಂತ. ಮುನೀಮರು ಒತ್ತಿದರು, ಕರೆ ಹೋಗಲಿಲ್ಲ. ಉದ್ದಕ್ಕೆ ಒತ್ತಿ ಹಿಡಿದರು, ಕಾಪಿ ಆಗಲಿಲ್ಲ. ಎರಡು ಬೆರಳಿನಿಂದ ದೊಡ್ಡದು ಮಾಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, "ತಡಿ ತಮ್ಮಾ, ಬರ್ಕೋತೀನಿ" ಅಂತ ಒಂದೊಂದೇ ಅಂಕಿ ನೋಡಿ ಅಂಗೈ ಮೇಲೆ ಬರೆದುಕೊಂಡರು.

ಪುಣ್ಯಕ್ಕೆ ನಾನು ಬಾಯಿ ತೆರೆದಿರಲಿಲ್ಲ. ಇದು ಹೇಳಿದಷ್ಟು ಸುಲಭ ಅಲ್ಲ. ‘ಅಲ್ಲಿ ಅಲ್ಲ ಕಾಕಾ, ಕೆಳಗೆ’ ಅನ್ನೋಕೆ ನಾಲಿಗೆ ತುದಿ ತುರಿಸುತ್ತಿರುತ್ತದೆ. ಅಂದರೆ ಮುಗಿಯಿತು. ಅವರು ಎಲ್ಲಿ ಎಡವುತ್ತಾರೆ ಅನ್ನೋದು ನಿಮಗೆ ಕಾಣಿಸುವುದೇ ಇಲ್ಲ. ಸೊಲ್ಲಾಪುರದ ಅಂಗಡಿಯವರ ಪಕ್ಕದಲ್ಲಿ ನೀವು ಹೋಗಿ ಕೂರುತ್ತೀರಾ?

ಅವತ್ತೇ ಇನ್ನೊಂದು ಆಯಿತು. ಹೊರಗೆ ಲಾರಿ ತುಂಬುತ್ತಿದ್ದರು. ಏಪ್ರಿಲ್ ತಿಂಗಳು, ಕಲಬುರಗಿ ಬಿಸಿಲು ಗೊತ್ತಲ್ಲ. ಚೀಲ ಎಣಿಸೋಕೆ ಹೋದ ಮುನೀಮರು ಫೋನನ್ನು ಹಾಗೇ ಹಿಡಿದುಕೊಂಡು ಹೊರಗೆ ನಿಂತರು. "ಏನೂ ಕಾಣ್ವಲ್ದು" ಅಂದರು. ನಾನು ಬಿಳಿ ಹಿನ್ನೆಲೆ ಮೇಲೆ ತಿಳಿ ಬೂದು ಅಕ್ಷರ ಹಾಕಿದ್ದೆ, ಬಣ್ಣದ ಕೋಡ್ 999999. ಮನೆಯಲ್ಲಿ ಫ್ಯಾನ್ ಕೆಳಗೆ ಕೂತು ನೋಡಿದಾಗ ಬಹಳ ನಾಜೂಕಾಗಿ ಕಾಣುತ್ತಿತ್ತು. ಲೆಕ್ಕ ಹಾಕಿದರೆ ಅದರ ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ, ಬರೀ 2.85. ವೆಬ್‌ಸೈಟುಗಳು ಎಲ್ಲರೂ ಓದುವಂತೆ ಇರಬೇಕು ಅಂತ ಡಬ್ಲ್ಯುಸಿಎಜಿ ಅನ್ನೋ ನಿಯಮಾವಳಿ ಇದೆ. ಅದರ ಪ್ರಕಾರ ಸಾಮಾನ್ಯ ಅಕ್ಷರಕ್ಕೆ ಕಡಿಮೆ ಅಂದರೂ 4.5 ಬೇಕು. ನಮ್ಮ ಊರಿನ ಬಿಸಿಲಿಗೆ ನಾನು ಈಗ 7ಕ್ಕಿಂತ ಕಡಿಮೆ ಇಡುವುದಿಲ್ಲ. ಸೈಟ್ ಪರೀಕ್ಷೆ ಮಾಡುವಾಗ ಮಧ್ಯಾಹ್ನ ಒಂದು ಗಂಟೆಗೆ ಫೋನ್ ಹಿಡಿದು ರಸ್ತೆಗೆ ಬರುತ್ತೇನೆ. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಕಾಗಿಲ್ಲ.

ಎಷ್ಟು ಜನರಿಗೆ ತೋರಿಸಬೇಕು ಅಂತ ಕೇಳುತ್ತಾರೆ. ಜೇಕಬ್ ನೀಲ್ಸನ್ ಅನ್ನೋ ತಜ್ಞ 2000ದಲ್ಲೇ ಐದು ಜನ ಸಾಕು ಅಂತ ಬರೆದ. ಐದು ಜನ ಬಳಸುವುದನ್ನು ನೋಡಿದರೆ ತೊಂದರೆಗಳಲ್ಲಿ ಸುಮಾರು ಶೇ 85 ಸಿಗುತ್ತವೆ ಅನ್ನೋದು ಅವನ ಲೆಕ್ಕ. ಅವನು ಹೇಳಿದ ಮುಖ್ಯ ಮಾತನ್ನು ಜನ ಮರೆಯುತ್ತಾರೆ: ಹದಿನೈದು ಜನರನ್ನು ಒಟ್ಟಿಗೆ ಕೂರಿಸಬೇಡಿ, ಐದು ಜನರಿಗೆ ತೋರಿಸಿ, ಸರಿಮಾಡಿ, ಮತ್ತೆ ಬೇರೆ ಐದು ಜನರಿಗೆ ತೋರಿಸಿ. ನಾನಂತೂ ಮೊದಲ ಸಲ ಮೂವರ ಮೇಲೇ ನಿಲ್ಲಿಸಿದೆ. ಮೂರನೆಯವರೂ ಆ ನಂಬರಿನ ಹತ್ತಿರವೇ ಸಿಕ್ಕಿಹಾಕಿಕೊಂಡ ಮೇಲೆ ಇನ್ನೇನು ನೋಡೋದು? ಮೊದಲು ಅದನ್ನು ಸರಿ ಮಾಡಬೇಕು.

ಗೆಳೆಯರ ವಿಷಯ. ಇದೇ ಕೆಲಸ ಮಾಡುವ ಗೆಳೆಯರಿಗೆ ಲಿಂಕ್ ಕಳಿಸಿ ‘ನೋಡ್ರೋ’ ಅಂದರೆ ಫಾಂಟ್, ಬಣ್ಣ, ಅನಿಮೇಷನ್ ಬಗ್ಗೆ ಜಗಳ ಶುರುವಾಗುತ್ತದೆ. ಅವರು ಬೇಳೆ ಕೊಳ್ಳುವವರಲ್ಲ. ಅವರ ಹತ್ತಿರ ಕೇಳಬೇಕಾದ್ದು ಬೇರೆ, ಅದೂ ಒಂದೊಂದೇ. ‘ಹಳೇ ಫೋನಿನಲ್ಲಿ ಮೊದಲ ಪುಟ ತೆರೆಯೋಕೆ ಎಷ್ಟು ಹೊತ್ತು ಹಿಡಿಯುತ್ತೆ ನೋಡು’ ಅಂತ ಒಬ್ಬನಿಗೆ ಕೇಳಿದೆ. ಅವನು ಚಹಾ ಕುಡಿಯೋಷ್ಟರಲ್ಲಿ ಉತ್ತರ ಕೊಟ್ಟ. ಮಿಲ್ಲಿನ ಫೋಟೋವನ್ನು ಫೋನಿನಿಂದ ತೆಗೆದು ಹಾಗೇ ಏರಿಸಿದ್ದೆ, ಒಂದೇ ಚಿತ್ರ 6 ಎಂಬಿ. ಅಗಲ ಕಡಿಮೆ ಮಾಡಿ, ಕಡಿಮೆ ತೂಕದ ಚಿತ್ರದ ಮಾದರಿಯಾದ ವೆಬ್‌ಪಿ ಮಾಡಿದ ಮೇಲೆ 150 ಕೆಬಿಗೆ ಇಳಿಯಿತು. ಪುಟ ತೆರೆದಾಗ ಕಾಣುವ ಎಲ್ಲಕ್ಕಿಂತ ದೊಡ್ಡ ಚಿತ್ರ ಅಥವಾ ಬರಹ 2.5 ಸೆಕೆಂಡಿನ ಒಳಗೆ ಮೂಡಬೇಕು ಅನ್ನೋದು ಗೂಗಲ್ ಇಟ್ಟ ಅಳತೆ. ಗೂಗಲಿನದೇ ಪರೀಕ್ಷೆ ತಾಣ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನೀವೇ ನೋಡಬಹುದು. ಹೊಸ ಸೈಟಿಗೆ ಅಲ್ಲಿ ನಿಜವಾದ ಬಳಕೆದಾರರ ಅಂಕಿ ಬರುವುದಿಲ್ಲ, ಅಷ್ಟು ಜನ ಇನ್ನೂ ಬಂದಿರುವುದಿಲ್ಲ. ಅದಕ್ಕೆ ಗಾಬರಿ ಬೇಡ.

ಇನ್ನು ಸಾಹುಕಾರರು. ಗಿರಾಕಿಯ ಮಾತನ್ನು ಹಾಗೇ ಮಾಡಿದರೂ ಕೆಲಸ ಕೆಡುತ್ತದೆ, ಬಿಟ್ಟರೂ ಕೆಡುತ್ತದೆ. ಊರಿಂದ ಬಂದ ಮೇಲೆ ಅವರು ವಾಯ್ಸ್ ಮೆಸೇಜ್ ಹಾಕಿದರು, ನಾಲ್ಕು ನಿಮಿಷದ್ದು. ಅದರಲ್ಲಿ ಎರಡು ಮಾತು ಸೈಟಿನ ಬಗ್ಗೆ, ಉಳಿದದ್ದು ಮಗಳ ಮದುವೆ ಬಗ್ಗೆ. ಒಂದು, "ಖಾಲಿ ಖಾಲಿ ಕಾಣಸ್ತದ." ಎರಡು, "ಹೆಸರು ದೊಡ್ಡದು ಮಾಡು."

ನನಗೆ ಸಿಟ್ಟು ಬಂತು. ಖಾಲಿ ಜಾಗ ಬಿಡೋದೇ ಒಳ್ಳೆ ಡಿಸೈನ್ ಅಂತ ಓದಿದ್ದೆನಲ್ಲ. ಆದರೂ ಹೋಗಿ ಕೇಳಿದೆ, "ಯಾಕ ಹಂಗ ಅನಸ್ತು ಕಾಕಾ?" ಅವರು ಹೇಳಿದ್ದು ಕೇಳಿ ಸುಮ್ಮನಾದೆ. "ಹೊರಗಿನವ್ರು ರೊಕ್ಕ ಮೊದಲು ಹಾಕ್ಬೇಕಲ್ಲ ತಮ್ಮಾ. ಮಿಲ್ ಖರೇನೇ ಅದನೋ ಇಲ್ಲೋ ಅಂತ ಅವರಿಗೆ ಹೆಂಗ ಗೊತ್ತಾಗಬೇಕು?"

ಖಾಲಿ ಅಂದರೆ ಬಿಳಿ ಜಾಗ ಅಲ್ಲ. ನಂಬಿಕೆಗೆ ಬೇಕಾದ್ದು ಇಲ್ಲ ಅಂತ. ಮಿಲ್ಲಿನ ಮುಂದಿನ ಬೋರ್ಡಿನ ಫೋಟೋ, ಪೂರ್ತಿ ವಿಳಾಸ, 15 ಅಕ್ಷರದ ಜಿಎಸ್‌ಟಿ ನಂಬರ್, ಆಹಾರ ಸುರಕ್ಷತೆ ನೋಡುವ ಎಫ್ಎಸ್ಎಸ್ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಹಾಕಿದೆ. ಬಿಳಿ ಜಾಗ ಹೆಚ್ಚುಕಡಿಮೆ ಹಾಗೇ ಉಳಿಯಿತು, ಆದರೂ ಆಮೇಲೆ ಅವರು ಖಾಲಿ ಅನ್ನಲಿಲ್ಲ. ಹೆಸರೂ ಅಷ್ಟೇ. ಗಾತ್ರ ಮುಟ್ಟಲಿಲ್ಲ, ಸಣಕಲು ಫಾಂಟ್ ತೆಗೆದು ದಪ್ಪದ್ದು ಹಾಕಿದೆ. "ಈಗ ಆತು ನೋಡು ದೊಡ್ಡದು" ಅಂದರು.

ಗಿರಾಕಿ ಮಾತ್ರ ಹೇಳಬಲ್ಲ ವಿಷಯವೂ ಇರುತ್ತದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದೇ ಅನ್ನೋ ಸರ್ಕಾರಿ ಗುರುತು) ಸಿಕ್ಕಿದ್ದು ಎಲ್ಲರಿಗೂ ಹೆಮ್ಮೆ. ನಾನು ಉತ್ಸಾಹದಲ್ಲಿ ಜಿಐ ಗುರುತನ್ನೇ ಮುಖಪುಟದಲ್ಲಿ ದೊಡ್ಡದಾಗಿ ಹಾಕಿದ್ದೆ. ಸಾಹುಕಾರರ ತಮ್ಮ ನೋಡಿ, "ಅದಕ್ಕ ಬಳಕೆದಾರರ ನೋಂದಣಿ ಆಗಬೇಕು, ನಮ್ದು ಆಗಿಲ್ಲ, ಮೊದಲು ತೆಗಿ" ಅಂದರು. ನನ್ನ ಡಿಸೈನ್ ಗೆಳೆಯರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಅಂದಹಾಗೆ, ಆ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು. ಒಬ್ಬರಿಗೆ ಹಸಿರು ಬೇಕು, ಒಬ್ಬರಿಗೆ ಹಳದಿ. ಎರಡು ವಾರ ನಾನು ಬಣ್ಣ ಬದಲಾಯಿಸುತ್ತಲೇ ಇದ್ದೆ, ಒಂದು ರೂಪಾಯಿ ಜಾಸ್ತಿ ಸಿಗಲಿಲ್ಲ. ಈಗ ಕೊಟೇಶನ್‌ನಲ್ಲೇ ಬರೆಯುತ್ತೇನೆ: ಬದಲಾವಣೆ ಎರಡು ಸುತ್ತು, ಕೊನೆ ಮಾತು ಒಬ್ಬರದೇ, ಅವರ ಹೆಸರು ಇಲ್ಲಿ. ವಾಯ್ಸ್ ಮೆಸೇಜ್ ಬಂದರೆ ಕೇಳಿ, ಒಂದೊಂದು ಸಾಲಾಗಿ ಬರೆದು, ‘ಇಷ್ಟೇ ಅಲ್ವಾ?’ ಅಂತ ವಾಪಸ್ ಕಳಿಸುತ್ತೇನೆ. ‘ಹೌದು’ ಅಂತ ಬಂದ ಮೇಲೇ ಕೈ ಹಾಕೋದು.

ಕನ್ನಡ ಅಕ್ಷರದ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸಾಹುಕಾರರ ಕಡೆಯಿಂದ ಬರಹ ಬಂದದ್ದು ಹಳೇ ನುಡಿ ಫಾಂಟಿನಲ್ಲಿ. ಅದು ಯುನಿಕೋಡ್ (ಎಲ್ಲ ಫೋನ್, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ, ಸೈಟಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಪರಿವರ್ತಕಕ್ಕೆ ಹಾಕಿದರೆ ಯುನಿಕೋಡ್ ಆಗುತ್ತದೆ, ಆದರೆ ಅರ್ಕಾವತ್ತು, ದೀರ್ಘ ಕೆಲವು ಕಡೆ ಜಾಗ ತಪ್ಪುತ್ತವೆ. ಹಾಗಾಗಿ ಒಂದು ಸಲ ಯಾರಿಂದಾದರೂ ಜೋರಾಗಿ ಓದಿಸಿ, ತಪ್ಪಿದ ಕಡೆ ನಾಲಿಗೆ ನಿಲ್ಲುತ್ತದೆ. ಇನ್ನೊಂದು, ಸಾಲಿನ ಎತ್ತರ. ಇಂಗ್ಲಿಷಿಗೆ ಹೊಂದುವ ಹಾಗೆ ಅಕ್ಷರದ ಗಾತ್ರದ 1.2 ಪಟ್ಟು ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಂದು ಕೂರುತ್ತದೆ. ನಾನು 1.6ರಿಂದ ಶುರು ಮಾಡುತ್ತೇನೆ. ಬಟನ್ನಿಗೆ ಎತ್ತರವನ್ನು ಗಟ್ಟಿಯಾಗಿ ಕೊಟ್ಟಿದ್ದರೆ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ‘ಸಗಟು ವ್ಯಾಪಾರಿಗಳಿಗೆ’ ಅನ್ನೋ ಬಟನ್ ಹಾಕಿ ನೋಡಿ, ಎಲ್ಲ ತಪ್ಪೂ ಒಟ್ಟಿಗೇ ಕಾಣುತ್ತವೆ.

ಮೆನುವಿನ ಮಾತಿಗೆ ಬರುತ್ತೇನೆ. ನಾನು ‘ಉತ್ಪನ್ನಗಳು’ ಅಂತ ಬರೆದಿದ್ದೆ. ಪರೀಕ್ಷೆಗೆ ಕೂರಿಸಿದ ಮೂವರಲ್ಲಿ ಒಬ್ಬರೂ ಅದನ್ನು ಮುಟ್ಟಲಿಲ್ಲ. ಎಲ್ಲರೂ ಹುಡುಕಿದ್ದು ಒಂದೇ ಪದ, ಭಾವ. ಇವತ್ತಿನ ಭಾವ ಎಷ್ಟು? ಸಾಹುಕಾರರು ಚೀಟಿ ಫೋಟೋ ಹಾಕುತ್ತಿದ್ದದ್ದೂ ಅದಕ್ಕೇ. ನನ್ನ ಸೈಟಿನಲ್ಲಿ ಮಿಲ್ಲಿನ ಇತಿಹಾಸ ಇತ್ತು, ಬೇಳೆಯ ಗುಣಗಾನ ಇತ್ತು, ಭಾವ ಮಾತ್ರ ಇರಲಿಲ್ಲ.

ಸಾಹುಕಾರರ ತಮ್ಮ, ಟಿವಿಯಲ್ಲಿ ಓಡುವ ಹಾಗೆ ಭಾವ ಮೇಲೆ ಓಡಲಿ ಅಂದರು. ಗೆಳೆಯರು ಕೇಳಿ ನಕ್ಕರು. ಓಡಿಸಲಿಲ್ಲ, ಓಡುವ ಅಕ್ಷರ ಓದೋದು ಕಷ್ಟ. ಆದರೆ ತುತ್ತತುದಿಯಲ್ಲಿ ನಿಂತ ಒಂದು ಸಾಲು ಹಾಕಿದೆ: ಇವತ್ತಿನ ಭಾವ, ತಾರೀಖು, ಪಕ್ಕದಲ್ಲಿ ಒತ್ತಿದರೆ ಕರೆ ಹೋಗುವ ನಂಬರ್. ಭಾವ ತುಂಬೋಕೆ ಮುನೀಮರಿಗೆ ಒಂದೇ ಡಬ್ಬಿ ಇರುವ ಪುಟ ಮಾಡಿಕೊಟ್ಟೆ. ಸಾಹುಕಾರರು ಅವತ್ತು ಸಂಜೆಯೇ ಲಿಂಕ್ ಕಳಿಸೋಕೆ ಶುರು ಮಾಡಿದರು.

ಇಪ್ಪತ್ತು ದಿನದ ಮೇಲೆ ಮಿಲ್ಲಿಗೆ ಒಂದು ಫೋನ್ ಬಂತಂತೆ. ಗೊತ್ತಿಲ್ಲದ ಊರಿನವರು. ‘ನಾಲ್ಕು ದಿನದ ಹಿಂದಿನ ತಾರೀಖೇ ಅದಲ್ಲ, ಮಿಲ್ ಬಂದ್ ಮಾಡೀರೇನು?’ ಅಂತ ಕೇಳಿದರಂತೆ. ಮುನೀಮರು ಮೊಮ್ಮಗನ ಜವಳಕ್ಕೆ ಹೋಗಿದ್ದರು. ಈಗ ಅವರು ದಿನಾ ಹನ್ನೊಂದಕ್ಕೆ ಭಾವ ತುಂಬುತ್ತಾರೆ. ರಜೆ ಇದ್ದ ದಿನ ಆ ಡಬ್ಬಿಯಲ್ಲಿ ‘ಇವತ್ತು ಗಂಜ್ ಬಂದ್ ಅದ’ ಅಂತ ಬರೆಯುತ್ತಾರೆ. ನಾನು ಆ ಡಬ್ಬಿಗೆ ಅಂಕಿ ಮಾತ್ರ ಹಿಡಿಯುವ ಹಾಗೆ ಕಟ್ಟು ಹಾಕಿದ್ದೆ, ಅದನ್ನು ತೆಗೆಯಬೇಕಾಯಿತು.